ಹಳೇ ಜೀಪಿಗೆ ಡೀಸೆಲ್ ಎಂಜಿನ್ ಕೂರಿಸುವ ಮುಂಚೆ
ತೋಟದ ಪೆಟ್ರೋಲ್ ಜೀಪಿಗೆ ಡೀಸೆಲ್ ಎಂಜಿನ್ ಹಾಕಿಸಬೇಕೆಂದಿರುವವರು ಗ್ಯಾರೇಜಿಗೆ ಅಡ್ವಾನ್ಸ್ ಕೊಡುವ ಮೊದಲು ಮಡಿಕೇರಿ ಆರ್‌ಟಿಓಗೆ ಹೋಗಿ ಬನ್ನಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಎಂಜಿನ್ ಬದಲಿಸಲು ಅನುಮತಿ ಬೇಕು. ಅನುಮತಿಯಿಲ್ಲದೆ ಬದಲಿಸಿಬಿಟ್ಟಿದ್ದರೆ 14 ದಿನದೊಳಗೆ ಆರ್‌ಸಿ ಸಮೇತ ತಿಳಿಸಬೇಕು. ನಾನು ಎಂಜಿನ್ ಕೊಂಡಮೇಲೆ ಕಚೇರಿಗೆ ಹೋದವನು. ಎರಡು ತಿಂಗಳು ಗಾಡಿ ಶೆಡ್ಡಲ್ಲೇ ನಿಂತಿತು.

ಗುಜರಿ ಎಂಜಿನ್ ಆದರೆ ಬಿಲ್ ಇಲ್ಲದೆ ಮುಟ್ಟಲೇಬೇಡಿ. ಎಂಜಿನ್ ಬ್ಲಾಕಿನ (ಎಂಜಿನ್ನಿನ ಮುಖ್ಯ ಲೋಹದ ಭಾಗ) ಮೇಲಿನ ನಂಬರನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದು ಬಿಲ್ಲಿನ ಜೊತೆ ತಾಳೆ ನೋಡಿ. ಒಂದು ಅಂಕಿ ತಿದ್ದಿದಂತೆ ಕಂಡರೂ ಬಿಟ್ಟುಬಿಡಿ. ಆ ಎಂಜಿನ್ ಯಾವ ಬಿಎಸ್ (ಭಾರತ್ ಸ್ಟೇಜ್, ಅಂದರೆ ಹೊಗೆ ಮಾಲಿನ್ಯದ ಸರ್ಕಾರಿ ಮಾನದಂಡ) ಮಟ್ಟದ್ದು, ನಿಮ್ಮ ಗಾಡಿಗೆ ಒಪ್ಪುತ್ತಾರಾ ಎಂಬುದನ್ನೂ ಆರ್‌ಟಿಓ ಕಚೇರಿಯಲ್ಲೇ ಕೇಳಿ.

ಹೊಗೆ ತಪಾಸಣೆಯಲ್ಲಿ ಬಿಎಸ್-4ಕ್ಕಿಂತ ಹಿಂದಿನ ಡೀಸೆಲ್ ಗಾಡಿಗೆ ಮಿತಿ 65 ಹಾರ್ಟ್ರಿಜ್ ಯೂನಿಟ್ (ಹೊಗೆಯ ದಟ್ಟತೆಯ ಅಳತೆ), ಬಿಎಸ್-4ಕ್ಕೆ 50. ಏರ್ ಫಿಲ್ಟರ್ ಬದಲಿಸಿ, ಡೀಸೆಲ್ ಚಿಮ್ಮಿಸುವ ನಾಝಲ್ ಚೆಕ್ ಮಾಡಿಸಿ, ನಾಲ್ಕೈದು ಕಿಲೋಮೀಟರ್ ಓಡಿಸಿ ಎಂಜಿನ್ ಬಿಸಿಯಾದಮೇಲೆ ಹೋಗಿ. ಮಳೆಗಾಲದ ಬೆಳಿಗ್ಗೆ ತಣ್ಣಗಿನ ಎಂಜಿನ್ ಬಿಳಿ ಹೊಗೆ ಉಗುಳುತ್ತದೆ.

ಆರ್‌ಸಿಯಲ್ಲಿ ಎಂಜಿನ್ ನಂಬರ್, ಇಂಧನ ಎರಡೂ ಬದಲಾಗಿವೆಯಾ ನೋಡಿಕೊಂಡು, ಇನ್ಶೂರೆನ್ಸಿನವರಿಗೂ ಅದೇ ದಿನ ಬರೆದು ಕೊಡಿ.