ಕಿಟ್ಟೆಲ್ ತೀರಿಕೊಂಡ ಊರು ಟ್ಯೂಬಿಂಗನ್ ನೋಡಿ ಬಂದೆ

ಜರ್ಮನಿಗೆ ಹೋದ ನಮ್ಮೋರು ಜಾಸ್ತಿ ಹೈಡೆಲ್‌ಬರ್ಗ್ ಕಡೆ ಹೋಗ್ತಾರೆ, ನನಗೆ ಮೊದಲಿಂದ ಆಸೆ ಇದ್ದಿದ್ದು ಟ್ಯೂಬಿಂಗನ್ ಮೇಲೆ, ಯಾಕಂದ್ರೆ ನಮ್ಮ ಕಿಟ್ಟೆಲ್ 1903ರಲ್ಲಿ ತೀರಿಕೊಂಡಿದ್ದು ಅಲ್ಲೇ. 1894ರಲ್ಲಿ ಮಂಗಳೂರಲ್ಲಿ ಬಂತಲ್ಲ ಅವರ ನಿಘಂಟು, ಆಮೇಲೆ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿದ್ದೂ ಇದೇ ಊರಿನ ಯೂನಿವರ್ಸಿಟಿ. ಅದು ಶುರುವಾಗಿದ್ದು 1477ರಲ್ಲಿ, ಈಗಲೂ ಊರ ತುಂಬ ಸ್ಟೂಡೆಂಟ್ಸೇ.

ಸ್ಟುಟ್‌ಗಾರ್ಟ್‌ನಿಂದ ಲೋಕಲ್ ಟ್ರೈನಲ್ಲಿ ಹೆಚ್ಚುಕಮ್ಮಿ ಒಂದು ಗಂಟೆ. ನಾಲ್ಕೈದು ಜನ ಇದ್ರೆ ಆ ರಾಜ್ಯದ ಡೇ ಪಾಸ್, ಬಾಡೆನ್-ವುರ್ಟೆಂಬರ್ಗ್ ಟಿಕೆಟ್ ತಗೊಳ್ಳಿ, ಎಲ್ಲರಿಗೂ ಸೇರಿ ಒಂದೇ ಟಿಕೆಟ್, ವಾರದ ದಿನ ಬೆಳಗ್ಗೆ 9ರ ಮೇಲೆ ಮಾತ್ರ ನಡೆಯುತ್ತೆ. ಸ್ಟೇಷನ್‌ನಿಂದ ನೆಕರ್ ನದಿ ಸೇತುವೆಗೆ ನಡ್ಕೊಂಡೇ ಹೋಗ್ಬಹುದು, ಎರಡನೇ ಮಹಾಯುದ್ಧದಲ್ಲಿ ಹಳೇ ಊರಿಗೆ ಅಷ್ಟಾಗಿ ಪೆಟ್ಟು ಬೀಳಲಿಲ್ಲ, ಹಾಗಾಗಿ ಸೇತುವೆ ದಾಟಿದ್ರೆ ಸಾಕು ಮರದ ತೊಲೆ ಕಾಣೋ ಹಳೇ ಮನೆಗಳ ಸಾಲೇ ಸಾಲು. ಗಟ್ಟಿ ಶೂ ಹಾಕ್ಕೊಳ್ಳಿ, ದಾರಿ ಪೂರ್ತಿ ಕಲ್ಲು, ಅದರ ಮೇಲೆ ಏರು ಬೇರೆ.

ನದಿ ದಡದಲ್ಲಿ ಹಳದಿ ಗೋಪುರ ಒಂದಿದೆ, ಕವಿ ಹೋಲ್ಡರ್ಲಿನ್ ಮನಸ್ಸಿನ ಆರೋಗ್ಯ ಕೆಟ್ಟಮೇಲೆ 1807ರಿಂದ 1843ರವರೆಗೆ ಅಲ್ಲೇ ಇದ್ದ, ನೋಡ್ಕೊಂಡಿದ್ದು ಒಬ್ಬ ಬಡಗಿಯ ಮನೆಯವರು. ಅಷ್ಟು ವರ್ಷ! ಆ ಬಡಗಿ ಮನೆಯವರ ಬಗ್ಗೆ ನನಗೆ ತುಂಬ ಗೌರವ ಬಂತು.

ಆದ್ರೆ ನಾನು ಅತಿ ಹೆಚ್ಚು ಹೊತ್ತು ನಿಂತಿದ್ದು ಗುಡ್ಡದ ಮೇಲಿನ ಕೋಟೆಯ ಹಳೇ ಅಡುಗೆಮನೇಲಿ. ಅದನ್ನ ಲ್ಯಾಬ್ ಮಾಡ್ಕೊಂಡಿದ್ರು, ಅಲ್ಲೇ 1869ರಲ್ಲಿ ಫ್ರೀಡ್ರಿಶ್ ಮೀಶರ್ ಅನ್ನೋ ಹುಡುಗ ಆಸ್ಪತ್ರೆಯಿಂದ ಬಂದ ಬ್ಯಾಂಡೇಜ್ ಬಟ್ಟೆಯ ಕೀವು ತೊಳೆದು, ಜೀವಕೋಶಗಳ ನಡುಭಾಗದಿಂದ ಒಂದು ಹೊಸ ವಸ್ತು ಬೇರೆ ಮಾಡಿದ, ಇವತ್ತು ನಾವು ಡಿಎನ್ಎ ಅನ್ನೋದು ಅದನ್ನೇ. ಬಯಾಲಜಿ ಓದಿದವರು ಇದೊಂದಕ್ಕಾದ್ರೂ ಹೋಗ್ಬೇಕು ಕಣ್ರೀ. ಅದೇ ಕೋಟೆಯ ಮ್ಯೂಸಿಯಂನಲ್ಲಿ ಮ್ಯಾಮತ್ ಅನ್ನೋ ಹಳೇ ಕಾಲದ ಆನೆಯ ದಂತದಲ್ಲಿ ಕೆತ್ತಿದ ಪುಟ್ಟ ಕುದುರೆ ಇದೆ, ಹಿಮಯುಗದ್ದು, ಅಂಗೈಲಿ ಹಿಡಿಸುತ್ತೆ, ಅದರ ಕತ್ತಿನ ಬಾಗು ನೋಡಿದ್ರೆ ಕೆತ್ತಿದೋನ ಕೈಗೆ ಮುಗೀಬೇಕು ಅನ್ಸುತ್ತೆ.

ಊಟಕ್ಕೆ ಸಸ್ಯಾಹಾರಿಗಳು ಕೇಸೆಶ್ಪೆಟ್ಸ್ಲೆ ಕೇಳಿ, ಚೀಸ್ ಹಾಕಿದ ಮೆತ್ತನೆ ಹಿಟ್ಟಿನ ಎಳೆ, ಮೇಲೆ ಹುರಿದ ಈರುಳ್ಳಿ. ಮೌಲ್ಟಾಶನ್ ಅಂದ್ರೆ ಒಳಗೆ ಹೂರಣ ತುಂಬಿದ ಹಿಟ್ಟಿನ ಕಡುಬು, ಅದರಲ್ಲಿ ಸಾಮಾನ್ಯವಾಗಿ ಮಾಂಸ ಇರುತ್ತೆ, ಕೇಳಿ ತಗೊಳ್ಳಿ.

ಯಾವ ದಿನ ಹೋಗೋದು ಅಂದ್ರೆ ಬುಧವಾರ ಇಲ್ಲಾ ಶುಕ್ರವಾರ. ಭಾನುವಾರ ಅಂಗಡಿ ಮುಚ್ಚಿರ್ತಾವೆ, ಸೋಮವಾರ ಕೋಟೆ ಮ್ಯೂಸಿಯಂ ರಜಾ, ಬುಧವಾರ, ಶುಕ್ರವಾರ ಆದ್ರೆ 1511ರ ಖಗೋಳ ಗಡಿಯಾರ ಇರೋ ಟೌನ್‌ಹಾಲ್ ಮುಂದೆ ಸಂತೆನೂ ಸಿಗುತ್ತೆ, ಬೇಸಿಗೇಲಿ ಹೋದ್ರೆ ಸಂಜೆ ಕೋಲು ಊರಿ ನಡೆಸೋ ದೋಣೀಲೂ ಕೂರಬಹುದು.