ಟ್ರ್ಯಾಕ್ಟರ್ ಕೀ ಸ್ವಿಚ್ ಸುಟ್ಟಾಗ: ಅಳೆದದ್ದು, ಬದಲಿಸಿದ್ದು, ರಿಲೇ ಹಾಕಿದ್ದು

ಕೀ ತಿರುಗಿಸಿದರೆ ಒಮ್ಮೆ ಸೆಲ್ಫ್ ಹೊಡೆಯುತ್ತದೆ, ಇನ್ನೊಮ್ಮೆ ಬರೀ ‘ಟಕ್’ ಎಂದು ಸುಮ್ಮನಾಗುತ್ತದೆ. ಬೆಳಿಗ್ಗೆ ತಣ್ಣಗಿದ್ದಾಗ ಸರಿ, ಮೂರ್ನಾಲ್ಕು ಟ್ರಿಪ್ ಆದ ಮೇಲೆ ಮೊಂಡಾಟ. ಬೆಂಗಳೂರಿನ ಸರ್ಜಾಪುರ ರಸ್ತೆ ಕಡೆ ನೀರಿನ ಟ್ಯಾಂಕರ್ ಎಳೆಯುವ ಮೂರು ಸಿಲಿಂಡರಿನ ಟ್ರ್ಯಾಕ್ಟರಿನಲ್ಲಿ ನಾನು ಸರಿಪಡಿಸಿದ್ದು ಈ ದೋಷವನ್ನು. ಕೈಗೆ ಬರುವ ಹೊತ್ತಿಗೆ ಅದಕ್ಕೆ ಹೊಸ ಬ್ಯಾಟರಿ ಹಾಕಿಯಾಗಿತ್ತು, ಸೆಲ್ಫ್ ಮೋಟರ್ ಬಿಚ್ಚಿ ಬ್ರಷ್ ಬದಲಿಸಿದ್ದೂ ಆಗಿತ್ತು. ದೋಷ ಮಾತ್ರ ಇದ್ದಲ್ಲೇ ಇತ್ತು. ವೋಲ್ಟೇಜ್ ಎಲ್ಲಿ ಸೋರುತ್ತಿದೆ ಎಂದು ಯಾರೂ ಅಳೆದಿರಲಿಲ್ಲ.

ಇಗ್ನಿಷನ್ ಸ್ವಿಚ್ ಎಂಬ ಹೆಸರು ಪೆಟ್ರೋಲ್ ಗಾಡಿಯಿಂದ ಬಂದದ್ದು. ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಬೇಕಿಲ್ಲ. ಹಳೆ ಮಾದರಿಗಳಲ್ಲಿ ಕೀ ಆಫ್ ಮಾಡಿದರೂ ಎಂಜಿನ್ ನಿಲ್ಲುವುದಿಲ್ಲ, ಡೀಸೆಲ್ ಪಂಪಿನ ಸ್ಟಾಪ್ ನಾಬ್ ಎಳೆಯಬೇಕು. ಇಲ್ಲಿ ಕೀ ಸ್ವಿಚ್‌ಗೆ ಇರುವುದು ಎರಡೇ ಮುಖ್ಯ ಕೆಲಸ: ಮೀಟರ್ ಬೋರ್ಡಿಗೂ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿಗೂ ಕರೆಂಟ್ ಕೊಡುವುದು, ಸ್ಟಾರ್ಟ್ ಕಡೆ ತಿರುಗಿಸಿದಾಗ ಸೆಲ್ಫ್ ಮೇಲಿನ, ವಿದ್ಯುತ್ಕಾಂತದಿಂದ ಎಳೆದು ಮೋಟರಿಗೆ ಕರೆಂಟ್ ಕೂಡಿಸುವ ಸೊಲೆನಾಯ್ಡ್‌ಗೆ ಕರೆಂಟ್ ಕಳಿಸುವುದು. ಸ್ವಿಚ್ ಸುಡುವುದು ಈ ಎರಡನೆಯದರಿಂದ. ಸೊಲೆನಾಯ್ಡ್ ಒಳಗೆ ಎರಡು ಸುರುಳಿಗಳಿವೆ, ಒಂದು ಎಳೆಯಲು, ಒಂದು ಹಿಡಿದಿಡಲು. ಮೊದಲ ಕ್ಷಣದಲ್ಲಿ ಎರಡೂ ಸೇರಿ 30ರಿಂದ 40 ಆಂಪಿಯರ್ ಎಳೆಯಬಹುದು. ಒಳಗಿನ ತಾಮ್ರದ ತಟ್ಟೆ ಕೂಡಿಕೊಂಡ ಮೇಲೆ ಎಳೆಯುವ ಸುರುಳಿಯ ಕೆಲಸ ಮುಗಿದು, ಕರೆಂಟ್ 10 ಆಂಪಿಯರ್ ಆಸುಪಾಸಿಗೆ ಇಳಿಯುತ್ತದೆ. ಬ್ಯಾಟರಿ ಇಳಿದಿದ್ದರೆ ತಟ್ಟೆ ಕೂಡುತ್ತದೆ, ಬಿಡುತ್ತದೆ, ಮತ್ತೆ ಕೂಡುತ್ತದೆ. ಆ ‘ಟಕ ಟಕ ಟಕ’ದಲ್ಲಿ ಪ್ರತಿ ಸಲವೂ ಪೂರ್ತಿ ಕರೆಂಟ್ ಕೀ ಸ್ವಿಚ್‌ನ ಪುಟ್ಟ ಹಿತ್ತಾಳೆ ತಟ್ಟೆಯ ಮೂಲಕವೇ ಹೋಗಬೇಕು.

ಹೊಲ ಉಳುವ ಟ್ರ್ಯಾಕ್ಟರನ್ನು ದಿನಕ್ಕೆ ಮೂರ್ನಾಲ್ಕು ಸಲ ಸ್ಟಾರ್ಟ್ ಮಾಡಿದರೆ ಹೆಚ್ಚು. ಟ್ಯಾಂಕರ್ ಎಳೆಯುವುದನ್ನು ಬೋರ್‌ವೆಲ್ ಹತ್ತಿರ, ಗೇಟಿನ ಮುಂದೆ, ಸಂಪಿನ ಪಕ್ಕ ಎಂದು ದಿನವಿಡೀ ನಿಲ್ಲಿಸಿ ಸ್ಟಾರ್ಟ್ ಮಾಡುತ್ತಲೇ ಇರಬೇಕು. ನಡುವಿನ ಓಡಾಟ ಚಿಕ್ಕದು, ಕಳೆದುಕೊಂಡ ಚಾರ್ಜನ್ನು ಬ್ಯಾಟರಿ ಪೂರ್ತಿ ವಾಪಸು ಪಡೆಯುವುದಿಲ್ಲ. ಇಂಥ ದುಡಿಮೆಯಲ್ಲಿ ಸ್ವಿಚ್ ಬೇಗ ಸವೆಯುವುದು ಸಹಜ.

ಮೀಟರ್ ಹಿಡಿಯುವ ಮೊದಲು ಮೀಟರ್ ಬೋರ್ಡಿನ ದೀಪಗಳನ್ನು ನೋಡಬೇಕು. ಕೀ ಆನ್ ಮಾಡಿದರೂ ಯಾವ ದೀಪವೂ ಹತ್ತದಿದ್ದರೆ ಬ್ಯಾಟರಿ ಟರ್ಮಿನಲ್, ಮುಖ್ಯ ಫ್ಯೂಸ್, ಸ್ವಿಚ್‌ಗೆ ಬರುವ ದಪ್ಪ ವೈರ್ ನೋಡಿ. ದೀಪ ಹತ್ತಿದ್ದು ಸ್ಟಾರ್ಟ್‌ಗೆ ತಿರುಗಿಸಿದ ಕೂಡಲೇ ಪೂರ್ತಿ ಆರಿದರೆ ಸ್ವಿಚ್ ಮೇಲೆ ಅನುಮಾನ ಬೇಡ, ಬ್ಯಾಟರಿ ಟರ್ಮಿನಲ್ ಸಡಿಲವಾಗಿದೆ ಇಲ್ಲವೇ ಬಾಡಿ ಅರ್ತ್ (ಬ್ಯಾಟರಿ ನೆಗೆಟಿವನ್ನು ಬಾಡಿಗೆ ಸೇರಿಸುವ ಪಟ್ಟಿ) ಕಿಲುಬು ಹಿಡಿದಿದೆ. ದೀಪ ಹಾಗೇ ಉರಿಯುತ್ತಿದ್ದು ಸೆಲ್ಫ್ ಸದ್ದೇ ಇಲ್ಲದಿದ್ದರೆ ಸ್ವಿಚ್, ಕ್ಲಚ್ ಅಥವಾ ನ್ಯೂಟ್ರಲ್ ಸೇಫ್ಟಿ ಸ್ವಿಚ್ (ಕ್ಲಚ್ ಒತ್ತದೆ ಅಥವಾ ಗೇರಿನಲ್ಲಿರುವಾಗ ಸೆಲ್ಫ್ ಹೊಡೆಯದಂತೆ ತಡೆಯುವುದು), ಸೊಲೆನಾಯ್ಡ್ ಈ ಮೂರರಲ್ಲಿ ಒಂದು. ಕೀಯನ್ನು ಸ್ವಲ್ಪ ಅಲುಗಾಡಿಸಿದರೆ ದೀಪ ಮಿಣುಕುವುದು ಸ್ವಿಚ್ ಸವೆದ ಗುರುತು. ಕೀ ಬಿಟ್ಟ ಮೇಲೂ ಸೆಲ್ಫ್ ತಿರುಗುತ್ತಲೇ ಇದ್ದರೆ ಮೊದಲು ಬ್ಯಾಟರಿಯ ನೆಗೆಟಿವ್ ಕಿತ್ತು ಸೆಲ್ಫ್ ನಿಲ್ಲಿಸಿ. ಆಮೇಲೆ ಸೊಲೆನಾಯ್ಡ್‌ನ ಸಣ್ಣ ವೈರನ್ನು ಕಳಚಿ, ಗೇರ್ ನ್ಯೂಟ್ರಲ್‌ನಲ್ಲಿದೆಯೇ ಎಂದು ಖಚಿತಪಡಿಸಿಕೊಂಡು ನೆಗೆಟಿವ್ ಮುಟ್ಟಿಸಿ. ಆಗಲೂ ತಿರುಗಿದರೆ ಸೊಲೆನಾಯ್ಡ್ ತಟ್ಟೆಯೇ ಅಂಟಿಕೊಂಡಿದೆ. ತಿರುಗದಿದ್ದರೆ ಕೀ ಸ್ವಿಚ್‌ನ ಸ್ಪ್ರಿಂಗ್ ಸೋತಿದೆ, ಇಲ್ಲವೇ ಅದರ ಕಾಂಟ್ಯಾಕ್ಟ್ ಬೆಸೆದುಕೊಂಡಿದೆ.

ಒಂದು ಮಾತನ್ನು ಇಲ್ಲೇ ಹೇಳಿಬಿಡಬೇಕು. ಕೆಳಗೆ ನಿಂತು ಸ್ಕ್ರೂಡ್ರೈವರಿನಿಂದ ಸೆಲ್ಫ್ ಮೋಟರಿನ ಎರಡು ಟರ್ಮಿನಲ್ ಕೂಡಿಸಿ ಸ್ಟಾರ್ಟ್ ಮಾಡುವ ಅಭ್ಯಾಸ ಎಲ್ಲೆಡೆ ಇದೆ. ದಯವಿಟ್ಟು ಮಾಡಬೇಡಿ. ಹಾಗೆ ಕೂಡಿಸಿದಾಗ ಸೇಫ್ಟಿ ಸ್ವಿಚ್‌ಗೆ ಕೆಲಸವೇ ಇರುವುದಿಲ್ಲ. ಗೇರಿನಲ್ಲಿದ್ದರೆ ಟ್ರ್ಯಾಕ್ಟರ್ ಹಾಗೇ ಮುಂದಕ್ಕೆ ನುಗ್ಗುತ್ತದೆ, ಸ್ಕ್ರೂಡ್ರೈವರ್ ಹಿಡಿದವರು ನಿಂತಿರುವುದು ಹಿಂದಿನ ದೊಡ್ಡ ಚಕ್ರದ ದಾರಿಯಲ್ಲಿ.

ಅಳೆಯಲು ಬೇಕಾದದ್ದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್, ಜೊತೆಗೆ 12 ವೋಲ್ಟ್ 21 ವ್ಯಾಟಿನ ಬಲ್ಬಿಗೆ ಎರಡು ವೈರ್ ಕಟ್ಟಿದ ಟೆಸ್ಟ್ ಲ್ಯಾಂಪ್. ಎಲ್‌ಇಡಿ ಟೆಸ್ಟರ್ ಇಲ್ಲಿ ದಾರಿ ತಪ್ಪಿಸುತ್ತದೆ. ಸುಟ್ಟ ಕಾಂಟ್ಯಾಕ್ಟ್ ಮೂಲಕವೂ ಎಲ್‌ಇಡಿ ಚೆನ್ನಾಗಿ ಹತ್ತುತ್ತದೆ, ಬರೀ ಮೀಟರ್ ಕೂಡ 12 ವೋಲ್ಟ್ ತೋರಿಸುತ್ತದೆ. ಹೆಚ್ಚು ಕರೆಂಟ್ ಎಳೆದು ಭಾರ ಬಿದ್ದಾಗಷ್ಟೇ ವೋಲ್ಟೇಜ್ ಕುಸಿಯುವುದು. ಹಾಗಾಗಿ ಎಲ್ಲ ಅಳತೆಯನ್ನೂ ಇನ್ನೊಬ್ಬರು ಕೀಯನ್ನು ಸ್ಟಾರ್ಟ್‌ನಲ್ಲಿ ಹಿಡಿದಿರುವಾಗಲೇ ತೆಗೆದೆ. ಗೇರ್ ನ್ಯೂಟ್ರಲ್, ಪಿಟಿಒ (ಎಂಜಿನ್ ಶಕ್ತಿಯನ್ನು ಹಿಂದಿನ ಉಪಕರಣಕ್ಕೆ ಕೊಡುವ ಶಾಫ್ಟ್) ಲಿವರ್ ಬಿಡಿಸಿದ್ದು, ಹ್ಯಾಂಡ್‌ಬ್ರೇಕ್ ಎಳೆದದ್ದು, ಚಕ್ರಕ್ಕೆ ಕಲ್ಲು ಕೊಟ್ಟದ್ದು, ಸ್ಟಾಪ್ ನಾಬ್ ಎಳೆದಿಟ್ಟದ್ದು.

ಸುಮ್ಮನಿದ್ದ ಬ್ಯಾಟರಿ 12.5 ವೋಲ್ಟ್. ಪೂರ್ತಿ ಚಾರ್ಜ್ ಆಗಿದ್ದರೆ 12.6ರ ಮೇಲಿರಬೇಕು, 12.0 ಆಗಿದ್ದರೆ ಮೊದಲು ಚಾರ್ಜ್ ಮಾಡದೆ ಮುಂದಿನ ಅಳತೆಗೆ ಅರ್ಥವಿಲ್ಲ. ಸೆಲ್ಫ್ ಹೊಡೆದ ಸಲ ಅದು 10.4ಕ್ಕೆ ಇಳಿಯಿತು. 9.6ಕ್ಕಿಂತ ಕೆಳಗೆ ಹೋಗದಿದ್ದರೆ ಬ್ಯಾಟರಿ ಸಾಕಷ್ಟು ಗಟ್ಟಿ. ನೆಗೆಟಿವ್ ಪೋಸ್ಟಿಗೂ ಎಂಜಿನ್ ಬ್ಲಾಕಿಗೂ ನಡುವೆ ಸೆಲ್ಫ್ ತಿರುಗುವಾಗ 0.15 ವೋಲ್ಟ್, ಅಂದರೆ ಅರ್ತ್ ಚೆನ್ನಾಗಿದೆ. ಇಲ್ಲಿ ಅರ್ಧ ವೋಲ್ಟ್ ಮೀರಿದರೆ ಅರ್ತ್ ಪಟ್ಟಿಯನ್ನು ಬಿಚ್ಚಿ, ಬಣ್ಣ ಕೆರೆದು, ಹೊಳೆಯುವ ಕಬ್ಬಿಣಕ್ಕೆ ಕೂರಿಸಬೇಕು.

ಮುಂದೆ, ಸೆಲ್ಫ್ ಹೊಡೆಯದೆ ‘ಟಕ್’ ಎಂದ ಸರದಿಯಲ್ಲಿ ಸೊಲೆನಾಯ್ಡ್‌ನ ಸಣ್ಣ ಟರ್ಮಿನಲ್‌ಗೂ ಬಾಡಿಗೂ ಮೀಟರ್ ಇಟ್ಟೆ: 7.2 ವೋಲ್ಟ್. ಅದೇ ಹೊತ್ತಿಗೆ ಬ್ಯಾಟರಿಯಲ್ಲಿ 12.2. ಐದು ವೋಲ್ಟ್ ದಾರಿಯಲ್ಲೇ ಕಳೆದುಹೋಗಿದೆ. ಎಲ್ಲಿ? ಬ್ಯಾಟರಿ ಪಾಸಿಟಿವ್‌ನಿಂದ ಸ್ವಿಚ್‌ನ ‘ಬಿ’ (ಬ್ಯಾಟರಿ) ಟರ್ಮಿನಲ್‌ವರೆಗೆ 0.4. ‘ಬಿ’ಯಿಂದ ‘ಎಸ್‌ಟಿ’ (ಸ್ಟಾರ್ಟ್) ಟರ್ಮಿನಲ್‌ಗೆ 3.9. ಕ್ಲಚ್ ಸೇಫ್ಟಿ ಸ್ವಿಚ್ ಆಚೀಚೆ 0.3. ಉಳಿದ ವೈರಿನಲ್ಲಿ 0.4. ಕೂಡಿದರೆ ಸರಿಯಾಗಿ ಐದು. ಕೀ ಆಫ್ ಇದ್ದು ಕ್ಲಚ್ ಒತ್ತಿದ್ದಾಗ ‘ಬಿ’ಗೂ ‘ಎಸ್‌ಟಿ’ಗೂ ನಡುವೆ ಮೀಟರ್ ಪೂರ್ತಿ ಬ್ಯಾಟರಿ ವೋಲ್ಟೇಜ್ ತೋರಿಸುತ್ತದೆ, ಏಕೆಂದರೆ ‘ಎಸ್‌ಟಿ’ ಸೊಲೆನಾಯ್ಡ್ ಮೂಲಕ ಅರ್ತ್‌ಗೆ ಸೇರಿದೆ. ಸ್ಟಾರ್ಟ್‌ಗೆ ತಿರುಗಿಸಿದಾಗ ಅದು 0.3ರ ಒಳಗೆ ಬೀಳಬೇಕು. 3.9 ಎಂದರೆ ಸ್ವಿಚ್ ಒಳಗೆ ಸುಟ್ಟಿದೆ, ಬೇರೆ ಸಾಕ್ಷಿ ಬೇಡ. ಬಿಸಿಯಾದ ಮೇಲೆಯೇ ಮೊಂಡಾಟ ಏಕೆ ಎಂಬುದಕ್ಕೂ ಉತ್ತರ ಇಲ್ಲಿದೆ: ಎಂಜಿನ್ ಕಾವಿಗೆ ಸೊಲೆನಾಯ್ಡ್ ಸುರುಳಿಯ ತಾಮ್ರದ ರೋಧ ಏರುತ್ತದೆ, ಎಳೆತ ಕುಗ್ಗುತ್ತದೆ. ಬೆಳಗಿನ ತಂಪಿನಲ್ಲಿ ಹೇಗೋ ಸಾಲುತ್ತಿದ್ದ ವೋಲ್ಟೇಜ್ ಮಧ್ಯಾಹ್ನ ಸಾಲುವುದಿಲ್ಲ.

ಹೊಸ ಸ್ವಿಚ್ ತರುವಾಗ ಹಳೆಯದನ್ನು ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಿ. ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ನೋಡಲು ಒಂದೇ ತರಹದ ಸ್ವಿಚ್‌ಗಳು ಸಾಲಾಗಿ ತೂಗಾಡುತ್ತವೆ. ಹೊಂದಿಸಿ ನೋಡಬೇಕಾದ್ದು ಟರ್ಮಿನಲ್ ಎಷ್ಟು, ಸ್ಕ್ರೂ ಬಗೆಯೋ ಕನೆಕ್ಟರ್ ಬಗೆಯೋ, ಕುತ್ತಿಗೆಯ ದಪ್ಪ, ತಿರುಗದಂತೆ ತಡೆಯುವ ಚಪ್ಪಟೆ ಅಂಚು ಯಾವ ಕಡೆ, ಹೀಟರ್ (ಸ್ಟಾರ್ಟ್‌ಗೆ ಮುನ್ನ ಎಂಜಿನ್ ಬೆಚ್ಚಗೆ ಮಾಡುವ) ಸ್ಥಾನ ಇದೆಯೋ ಇಲ್ಲವೋ. ಗುರುತುಗಳು ಎರಡು ಪದ್ಧತಿಯಲ್ಲಿ ಬರುತ್ತವೆ. ‘ಬಿ’, ‘ಐಜಿ’ (ಕೀ ಆನ್), ‘ಎಸ್‌ಟಿ’ ಎಂಬ ಅಕ್ಷರ ಒಂದು ಬಗೆ. ಜರ್ಮನ್ ಅಂಕಿ ಇನ್ನೊಂದು: 30 ಬ್ಯಾಟರಿ, 15 ಕೀ ಆನ್, 50 ಸ್ಟಾರ್ಟ್, 19 ಹೀಟರ್, 58 ಪಾರ್ಕಿಂಗ್ ದೀಪ. ಟರ್ಮಿನಲ್‌ಗಳ ಜೋಡಣೆ ಹಳೆಯದರ ಹಾಗೇ ಕಂಡರೂ ನಂಬಬೇಡಿ. ಮೀಟರನ್ನು ಕಂಟಿನ್ಯುಟಿಗೆ (ಎರಡು ಟರ್ಮಿನಲ್ ಕೂಡಿವೆಯೇ ಎಂದು ತೋರಿಸುವ ಸ್ಥಾನಕ್ಕೆ) ಇಟ್ಟು ನೋಡಿ: ಆಫ್‌ನಲ್ಲಿ ಯಾವುದೂ ಕೂಡಬಾರದು, ಆನ್‌ನಲ್ಲಿ ‘ಬಿ’-‘ಐಜಿ’ ಕೂಡಬೇಕು, ಸ್ಟಾರ್ಟ್‌ನಲ್ಲಿ ‘ಎಸ್‌ಟಿ’ಯೂ ಸೇರಬೇಕು, ಕೈ ಬಿಟ್ಟ ಕೂಡಲೇ ಸ್ಪ್ರಿಂಗ್ ಆನ್‌ಗೆ ಎಳೆದು ತರಬೇಕು. ಅಂಗಡಿಯ ಕೌಂಟರ್ ಮೇಲೆಯೇ ಎರಡು ನಿಮಿಷದ ಕೆಲಸ.

ಬಿಚ್ಚುವಾಗ ಮೊದಲು ಬ್ಯಾಟರಿಯ ನೆಗೆಟಿವ್. ಪಾಸಿಟಿವ್‌ಗೆ ಮೊದಲು ಕೈ ಹಾಕಿ ಸ್ಪ್ಯಾನರ್ ಬಾಡಿಗೆ ತಗಲಿದರೆ ಬ್ಯಾಟರಿ ನೇರ ಶಾರ್ಟ್. ವೈರುಗಳ ಫೋಟೊ ತೆಗೆದು, ಪ್ರತಿಯೊಂದಕ್ಕೂ ಪೇಪರ್ ಟೇಪ್ ಸುತ್ತಿ ಟರ್ಮಿನಲ್ ಹೆಸರು ಬರೆದೆ. ಹತ್ತು ಕೈ ಆಡಿದ ಹಳೆ ವೈರಿಂಗಿನಲ್ಲಿ ಬಣ್ಣದ ಲೆಕ್ಕ ಹಿಡಿಯಬೇಡಿ. ಹಿಂದಿನಿಂದ ಸ್ವಿಚ್ ಹಿಡಿದುಕೊಂಡು ಮುಂದಿನ ಉಂಗುರದ ನಟ್ ಬಿಚ್ಚಿದರೆ ಅದು ಒಳಗೆ ಜಾರುತ್ತದೆ. ಕನೆಕ್ಟರಿನ ಲಾಕ್ ಒತ್ತಿ ಎಳೆಯಿರಿ, ವೈರ್ ಹಿಡಿದು ಜಗ್ಗಬೇಡಿ.

ಹಳೆಯದನ್ನು ತೆರೆದು ನೋಡಿದಾಗ ‘ಎಸ್‌ಟಿ’ ಕಡೆಯ ತಟ್ಟೆ ಕರಿದಾಗಿ ಗುಳಿ ಬಿದ್ದಿತ್ತು, ಪಕ್ಕದ ಪ್ಲಾಸ್ಟಿಕ್ ಕರಗಿತ್ತು. ಉಪ್ಪುಕಾಗದದಲ್ಲಿ ಉಜ್ಜಿ ಮತ್ತೆ ಹಾಕುವವರಿದ್ದಾರೆ. ಕಾವಿಗೆ ಒಳಗಿನ ಸ್ಪ್ರಿಂಗಿನ ಬಿಗಿ ಹೋಗಿರುವುದರಿಂದ ಅದು ಬಾಳಿಕೆ ಬರುವುದಿಲ್ಲ. ‘ಬಿ’ ವೈರಿನ ಹೆಣ್ಣು ಟರ್ಮಿನಲ್ ಕೂಡ ಸಡಿಲಾಗಿ ಕಂದು ಬಣ್ಣಕ್ಕೆ ತಿರುಗಿತ್ತು, ಆ 0.4 ವೋಲ್ಟ್ ಕಳೆದದ್ದು ಅಲ್ಲಿ. ಅದನ್ನು ಹಾಗೇ ಬಿಟ್ಟು ಹೊಸ ಸ್ವಿಚ್ ಸಿಕ್ಕಿಸಿದರೆ ಅದೇ ಟರ್ಮಿನಲ್ ಕಾದು ಹೊಸ ಸ್ವಿಚ್ಚನ್ನೂ ಕೆಡಿಸುತ್ತದೆ. ತಾಮ್ರ ಹೊಳೆಯುವವರೆಗೂ ವೈರ್ ಕತ್ತರಿಸಿ, ಹೊಸ ಟರ್ಮಿನಲ್ ಕ್ರಿಂಪ್ ಮಾಡಿ, ಮೇಲೆ ಹೀಟ್ ಶ್ರಿಂಕ್ ಸ್ಲೀವ್ ಹಾಕಿದೆ. ಇಲ್ಲಿ ಬೆಸುಗೆ ನನಗೆ ಒಪ್ಪಿಗೆಯಿಲ್ಲ. ಟ್ರ್ಯಾಕ್ಟರಿನ ನಡುಕಕ್ಕೆ ಬೆಸುಗೆ ಮುಗಿಯುವ ಜಾಗದಲ್ಲೇ ವೈರ್ ಮುರಿಯುತ್ತದೆ. ಉಂಗುರದ ನಟ್ ಕೈಬಿಗಿ ಮಾಡಿ ಮೇಲೆ ಕಾಲು ಸುತ್ತು ಸಾಕು, ಪ್ಲಾಸ್ಟಿಕ್ ಡ್ಯಾಶ್ ಬೋರ್ಡ್ ಬಿರಿಯದಂತೆ.

ಇನ್ನು ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್. ಸ್ವಿಚ್ ಸುಟ್ಟ ಕಾರಣ ಸೊಲೆನಾಯ್ಡ್ ಕರೆಂಟ್ ಆದ್ದರಿಂದ ಆ ಕರೆಂಟನ್ನು ಸ್ವಿಚ್‌ನಿಂದ ದೂರ ಇಡದೆ ಕೆಲಸ ಮುಗಿಯಿತು ಎನ್ನಲು ನನಗೆ ಮನಸ್ಸಿಲ್ಲ. ಬೇಕಾದದ್ದು 12 ವೋಲ್ಟ್ 40 ಆಂಪಿಯರಿನ ಒಂದು ರಿಲೇ ಮತ್ತು ಅದರ ಸಾಕೆಟ್, 30 ಆಂಪಿಯರ್ ಬ್ಲೇಡ್ ಫ್ಯೂಸ್ ಹೋಲ್ಡರ್ ಸಮೇತ, 4 ಚದರ ಎಂಎಂ ವೈರ್ ಸುಮಾರು ಎರಡು ಮೀಟರ್, ಅರ್ತ್‌ಗೆ 1.5 ಚದರ ಎಂಎಂ ವೈರ್ ಒಂದು ಮೀಟರ್. ರಿಲೇಯ ಕಾಲುಗಳಿಗೆ ಅಂಕಿಗಳಿರುತ್ತವೆ: 85, 86 ಅದರ ಸುರುಳಿಯವು, 30, 87 ದೊಡ್ಡ ಕರೆಂಟ್ ಹಾಯುವವು. ಸೊಲೆನಾಯ್ಡ್‌ಗೆ ಹೋಗುತ್ತಿದ್ದ ಹಳೆ ಸಣ್ಣ ವೈರನ್ನು ಅಲ್ಲಿಂದ ಕಳಚಿ ರಿಲೇಯ 86ಕ್ಕೆ ಕೊಟ್ಟೆ. 85 ಎಂಜಿನ್ ಬಾಡಿಗೆ. ಸೆಲ್ಫ್ ಮೇಲಿನ ಬ್ಯಾಟರಿ ಕೇಬಲ್ ಕೂರುವ ದಪ್ಪ ಬೋಲ್ಟಿನಿಂದ ಫ್ಯೂಸ್ ಮೂಲಕ 30ಕ್ಕೆ. ಫ್ಯೂಸ್ ಆ ಬೋಲ್ಟಿನಿಂದ ಒಂದು ಗೇಣಿನೊಳಗೇ ಇರಬೇಕು, ಇಲ್ಲದಿದ್ದರೆ ನಡುವಿನ ವೈರಿಗೆ ರಕ್ಷಣೆಯಿಲ್ಲ. 87ರಿಂದ ಸೊಲೆನಾಯ್ಡ್‌ನ ಸಣ್ಣ ಟರ್ಮಿನಲ್‌ಗೆ. ಹೀಗೆ ಮಾಡಿದರೆ ಕ್ಲಚ್ ಸೇಫ್ಟಿ ಸ್ವಿಚ್ ಮೊದಲಿನಂತೆ ದಾರಿಯಲ್ಲೇ ಉಳಿಯುತ್ತದೆ, ಅದಕ್ಕೂ ಭಾರ ಕಡಿಮೆಯಾಗುತ್ತದೆ. ರಿಲೇ ಸುರುಳಿ ಎಳೆಯುವುದು ಕಾಲು ಆಂಪಿಯರಿಗಿಂತ ಕಡಿಮೆ.

ಐದು ಕಾಲಿನ ರಿಲೇ ಕೊಂಡಿದ್ದರೆ ನಡುವಿನ ಕಾಲನ್ನು ಗಮನಿಸಿ. ಅದು ‘87ಎ’ ಆಗಿದ್ದರೆ ರಿಲೇ ಸುರುಳಿಗೆ ಕರೆಂಟ್ ಇಲ್ಲದಿರುವಾಗ 30ಕ್ಕೆ ಕೂಡಿರುತ್ತದೆ. ತಪ್ಪಿ ಸೊಲೆನಾಯ್ಡ್ ವೈರನ್ನು ಅಲ್ಲಿಗೆ ಕೊಟ್ಟರೆ ಬ್ಯಾಟರಿ ಜೋಡಿಸಿದ ಕ್ಷಣವೇ ಸೆಲ್ಫ್ ತಿರುಗತೊಡಗುತ್ತದೆ. ರಿಲೇಯನ್ನು ಸೈಲೆನ್ಸರ್ ಕಾವಿನಿಂದ ದೂರ, ಕಾಲುಗಳು ಕೆಳಮುಖವಾಗಿ ಕೂರಿಸಿ. ವೈರುಗಳು ರಿಲೇಗಿಂತ ಸ್ವಲ್ಪ ಕೆಳಗೆ ಬಾಗಿ ಮೇಲೇರಲಿ, ಮಳೆಯ ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ. ತಗಡಿನ ತೂತಿನಲ್ಲಿ ವೈರ್ ಹಾಯುವಲ್ಲೆಲ್ಲ ರಬ್ಬರ್ ಗ್ರಾಮೆಟ್ ಇರಬೇಕು.

ನೆಗೆಟಿವ್ ಕೊನೆಯಲ್ಲಿ ಜೋಡಿಸಿದೆ, ಕೀ ಆಫ್ ಇಟ್ಟು. ಆಗ ದೊಡ್ಡ ಕಿಡಿ ಹಾರಿದರೆ ಎಲ್ಲೋ ತಪ್ಪು ಜೋಡಣೆಯಾಗಿದೆ, ಅಲ್ಲೇ ನಿಲ್ಲಿಸಬೇಕು. ಕೀ ಆನ್ ಮಾಡಿದಾಗ ಆಯಿಲ್ ದೀಪ, ಚಾರ್ಜ್ ದೀಪ ಎರಡೂ ಹತ್ತಿದವು. ಕ್ಲಚ್ ಒತ್ತದೆ ಸ್ಟಾರ್ಟ್‌ಗೆ ತಿರುಗಿಸಿ ನೋಡಿದೆ. ಸೆಲ್ಫ್ ಹೊಡೆಯಲಿಲ್ಲ, ಹೊಡೆಯಲೂ ಬಾರದು. ಸ್ಟಾಪ್ ನಾಬ್ ಎಳೆದೇ ಇಟ್ಟು ಐದು ಸೆಕೆಂಡ್ ಸೆಲ್ಫ್ ತಿರುಗಿಸಿದಾಗ ಸೊಲೆನಾಯ್ಡ್‌ನ ಸಣ್ಣ ಟರ್ಮಿನಲ್‌ನಲ್ಲಿ 10.1 ವೋಲ್ಟ್, ಬ್ಯಾಟರಿಯಲ್ಲಿ 10.4. ದಾರಿಯಲ್ಲಿ ಕಳೆದದ್ದು 0.3 ಮಾತ್ರ. ಎಂಜಿನ್ ಓಡುವಾಗ ಚಾರ್ಜಿಂಗ್ 14.1 ವೋಲ್ಟ್, ಅದು 13.8ರಿಂದ 14.4ರ ಒಳಗಿದ್ದರೆ ಸರಿ. ಎಂಜಿನ್ ಓಡುತ್ತಿರುವಾಗ ಮಾತ್ರ ಬ್ಯಾಟರಿ ವೈರ್ ಕಳಚಿ ‘ಪರೀಕ್ಷೆ’ ಮಾಡಬೇಡಿ, ಆಲ್ಟರ್ನೇಟರಿನ ಡಯೋಡ್ ಹೋಗುತ್ತದೆ.

ಚಾಲಕರಿಗೆ ಎರಡು ಮಾತು ಹೇಳಿದೆ. ಸೆಲ್ಫ್ ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ಬೇಡ, ಮತ್ತೆ ಹೊಡೆಯುವ ಮುನ್ನ ಅರ್ಧ ನಿಮಿಷ ಬಿಡಿ. ಮನೆ ಬೀಗ, ಗೇಟು, ವಾಲ್ವಿನ ಕೀಗಳ ಗೊಂಚಲನ್ನು ಟ್ರ್ಯಾಕ್ಟರ್ ಕೀಗೆ ಸೇರಿಸಬೇಡಿ, ಆ ತೂಕ ನಡುಕದಲ್ಲಿ ಸ್ವಿಚ್‌ನ ಒಳಗನ್ನು ಸವೆಸುತ್ತದೆ. ಎರಡು ವಾರ ಟ್ಯಾಂಕರ್ ಎಳೆದ ಮೇಲೆ, ಮಧ್ಯಾಹ್ನದ ಬಿಸಿಲಿನಲ್ಲಿ, ಡ್ಯಾಶ್ ಹಿಂದೆ ಕೈ ಹಾಕಿ ಕನೆಕ್ಟರ್ ಮುಟ್ಟಿ ನೋಡಿದೆ. ಸೆಲ್ಫ್ ಹೊಡೆದ ಮರುಕ್ಷಣವೂ ಅದು ಕಾದಿರಲಿಲ್ಲ.