ತೊಗರಿ ಕಟ್ಟಿಗೆಯ ಇದ್ದಿಲು, ಪಾಲಕ್ ಮತ್ತು ಕ್ಯಾಡ್ಮಿಯಂ

ಕಳೆದ ಚಳಿಗಾಲದ ಪಾಲಕ್ ವರದಿ ಬಂದಾಗ ನಾನು ಮೊದಲು ತೋರಿಸಿದ್ದು ನಮ್ಮ ಕಾಕಾ ಅವರಿಗೆ. ಹಸಿ ಸೊಪ್ಪಿನ ಕಿಲೋಗೆ 0.13 ಮಿಲಿಗ್ರಾಂ ಕ್ಯಾಡ್ಮಿಯಂ ಎಂಬ ವಿಷ ಲೋಹ. ಸೊಪ್ಪಿಗೆ ಕೋಡೆಕ್ಸ್, ಅಂದರೆ ಅಂತರರಾಷ್ಟ್ರೀಯ ಆಹಾರ ಮಾನದಂಡದ ಮಿತಿ 0.2. ನಾಲ್ಕು ವರ್ಷದ ಹಿಂದೆ ಇದೇ ಹತ್ತು ಗುಂಟೆಯಲ್ಲಿ 0.4ರ ಆಸುಪಾಸು ಇತ್ತು. ಅದನ್ನು ಇಳಿಸಲೆಂದು ಮಣ್ಣಿಗೆ ಇದ್ದಿಲು ಹಾಕುತ್ತ ಬಂದೆ. "ಇದ್ದಿಲು ಹಾಕಿ ವಿಷ ಕಟ್ಟುತ್ತಾನಂತೆ" ಎಂದು ಕಲಬುರಗಿಯ ಕಣ್ಣಿ ಮಾರ್ಕೆಟ್‌ವರೆಗೂ ಮಾತು ಹಬ್ಬಿಸಿದವರು ಅವರೇ. ವರದಿಯನ್ನು ಎರಡು ಸಲ ಓದಿಸಿಕೊಂಡರು.

ನಮ್ಮ ಹೊಲ ಕಲಬುರಗಿಯ ಹೊರವಲಯದಲ್ಲಿ, ಊರಿನ ಕೊಳಚೆ ಹರಿಯುವ ನಾಲಾದ ದಂಡೆಯಲ್ಲಿದೆ. ಅಪ್ಪನ ಕಾಲದಿಂದ ಅದೇ ನೀರು, ಅದೇ ಪಾಲಕ್, ಮೆಂತ್ಯೆ, ಪುಂಡಿಪಲ್ಯ. ಮೇಲ್ಭಾಗದಲ್ಲಿ ಲೋಹಕ್ಕೆ ಲೇಪನ ಕೊಡುವ ಶೆಡ್‌ಗಳೂ ಹಳೆಯ ಬ್ಯಾಟರಿ ಒಡೆಯುವ ಜಾಗಗಳೂ ಇವೆ.

ಮೊದಲ ದುಡ್ಡು ಹೋದದ್ದು ಮಾದರಿ ತೆಗೆಯುವುದರಲ್ಲಿಯೇ. ಸತುವಿನ ಲೇಪದ ಬಕೆಟ್‌ನಲ್ಲಿ ಮಣ್ಣು ಕಲಸಿ ಕಳುಹಿಸಿದೆ. ಸತುವಿನ ಅಂಕಿ ಆಕಾಶಕ್ಕೆ ಹೋಯಿತು, ಆರು ಸಾವಿರ ರೂಪಾಯಿ ನೀರಿಗೆ. ಎರಡನೆಯ ಸಲ ಎಲೆಗಳನ್ನು ತೊಳೆಯದೆ ಕೊಟ್ಟೆ. ಧೂಳಿನ ಸೀಸವೆಲ್ಲ ಎಲೆಯ ಲೆಕ್ಕಕ್ಕೆ ಸೇರಿತು. ಮೂರನೆಯ ಸಲ ಕ್ಯಾಡ್ಮಿಯಂ 4 ಎಂದು ಬಂದಾಗ ರಾತ್ರಿಯಿಡೀ ನಿದ್ರೆ ಬರಲಿಲ್ಲ. ಅದು ಒಣ ತೂಕದ ಅಂಕಿ. ಪಾಲಕ್‌ನಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರು. ಹಸಿಗೆ ಇಳಿಸಿದರೆ 0.4. ವರದಿ ಒಣ ತೂಕದ್ದೋ ಹಸಿಯದ್ದೋ ಎಂದು ಕೇಳದೆ ಯಾರೂ ಹಣ ಕಟ್ಟಬೇಡಿ.

ಸುಣ್ಣ ಹಾಕಿ ಎಂದರು ಒಬ್ಬ ಸಲಹೆಗಾರರು. ಅದು ಹುಳಿ ಮಣ್ಣಿಗೆ ಹೇಳುವ ಮಾತು. ನಮ್ಮ ಎರೆ ಮಣ್ಣಿನ ಪಿಹೆಚ್ 8.2, ಅಂದರೆ ಹುಳಿಯಲ್ಲ, ಕ್ಷಾರ; ಸುಣ್ಣದ ಹರಳು ಕೈಗೇ ಸಿಗುತ್ತವೆ. ಇಂಥ ಮಣ್ಣು ಕ್ಯಾಡ್ಮಿಯಂ ಅನ್ನು ತಾನಾಗಿಯೇ ಹಿಡಿದಿಡಬೇಕು, ಆದರೂ ಎಲೆಗೆ ಏಕೆ ಏರುತ್ತಿದೆ? ನಾಲಾದ ನೀರು ಉಪ್ಪು. ಕ್ಲೋರೈಡ್ ಕ್ಯಾಡ್ಮಿಯಂ ಜೊತೆ ಕೂಡಿ ಅದನ್ನು ನೀರಿನಲ್ಲಿಯೇ ಕರಗಿಸಿ ಇಡುತ್ತದೆ, ಬೇರಿನ ಬಾಯಿಗೆ ತಂದು ಕೊಡುತ್ತದೆ. ಹಾಗಾಗಿ ನಾಲಾಕ್ಕೆ ಇಳಿಸಿದ್ದ ಮೋಟಾರನ್ನು ಎತ್ತಿದೆ. ಮೊದಲ ಬೋರ್ ಒಣಗಿದ್ದು, ಅರವತ್ತು ಸಾವಿರ ಹೋಯಿತು. ಎರಡನೆಯದರಲ್ಲಿ ಒಂದೂವರೆ ಇಂಚು ನೀರು. ಅದನ್ನೂ ಪರೀಕ್ಷೆಗೆ ಕಳುಹಿಸಿದೆ. ಕುಡಿಯುವ ನೀರಿನ ಮಿತಿ ಲೀಟರ್‌ಗೆ 0.003 ಮಿಲಿಗ್ರಾಂ, ಅದಕ್ಕಿಂತ ಕಡಿಮೆಯೇ ಇತ್ತು.

ಅಗ್ಗವೆಂದು ನಗರದ ಕಸದಿಂದ ಮಾಡಿದ ಗೊಬ್ಬರವನ್ನು ಎರಡು ಟ್ರ್ಯಾಲಿ ಹಾಕಿಸಿದ್ದು ನಾನು ಮಾಡಿದ ಅತಿ ಕೆಟ್ಟ ಕೆಲಸ. ಮುಂದಿನ ವರದಿಯಲ್ಲಿ ಸೀಸ ಏರಿತ್ತು.

ಮಣ್ಣಿನಲ್ಲಿ ಉಳಿದ ಕ್ಯಾಡ್ಮಿಯಂ ಅನ್ನು ಬೇರಿಗೆ ಸಿಗದಂತೆ ಹಿಡಿದಿಡಲು ಇದ್ದಿಲು ಬೇಕು. ಅದಕ್ಕೆ ನಮ್ಮಲ್ಲಿ ಕೊರತೆಯಿಲ್ಲ. ತೊಗರಿ ಕೊಯ್ದ ಮೇಲೆ ಕಟ್ಟಿಗೆಯನ್ನು ಬದುವಿನಲ್ಲಿ ಸುಡುವುದೇ ರೂಢಿ. ಅದು ಇದ್ದಿಲಾಗಬೇಕಾದರೆ ಬಾಯಿ ಅಗಲ, ತಳ ಕಿರಿದಾದ ಗುಂಡಿ ತೋಡಿ, ಮೇಲಿನ ಪದರಕ್ಕೆ ಬೂದಿ ಕಾಣುತ್ತಲೇ ಹೊಸ ಕಟ್ಟಿಗೆ ಹಾಕುತ್ತಾ ಹೋಗಬೇಕು. ಮೊದಲ ಗುಂಡಿ ಪೂರ್ತಿ ಬೂದಿಯಾಯಿತು, ನೀರು ಸುರಿಯಲು ಅರ್ಧ ಗಂಟೆ ತಡ ಮಾಡಿದ್ದೆ. ಎರಡನೆಯ ಗುಂಡಿಯ ಇದ್ದಿಲು ಚೆನ್ನಾಗಿತ್ತು, ಗೊಬ್ಬರದಲ್ಲಿ ನೆನೆಸದೆ ಹಾಗೆಯೇ ಹರಡಿದೆ. ಪಾಲಕ್ ಹಳದಿಯಾಗಿ ಕುಳಿತಿತು, ಸಾರಜನಕವನ್ನೆಲ್ಲ ಇದ್ದಿಲೇ ಹಿಡಿದುಕೊಂಡಿತ್ತು. ಈಗ ಸಗಣಿ, ಗಂಜಲದಲ್ಲಿ ಮೂರು ವಾರ ನೆನೆಸಿ ಹಾಕುತ್ತೇನೆ. ಹತ್ತು ಗುಂಟೆಗೆ ಹನ್ನೆರಡು ಕ್ವಿಂಟಾಲ್, ಕೂಲಿ ಸೇರಿ ಒಂಬತ್ತು ಸಾವಿರದಷ್ಟು ಖರ್ಚು. ಜೊತೆಗೆ ಮೂರು ಕಿಲೋ ಜಿಂಕ್ ಸಲ್ಫೇಟ್, ಅಂದರೆ ಸತುವಿನ ಗೊಬ್ಬರ. ಸತುವೂ ಕ್ಯಾಡ್ಮಿಯಂ ಕೂಡ ಬೇರಿನ ಒಂದೇ ಬಾಗಿಲಿನಿಂದ ಒಳಹೋಗುತ್ತವೆ. ಸತು ತುಂಬಿದ್ದರೆ ಕ್ಯಾಡ್ಮಿಯಂಗೆ ಜಾಗವಿಲ್ಲ. ಗುಂಡಿ ನಂದಿಸುವ ನೀರಿಗೆ ಇನ್ನೊಂದು ವಸ್ತು ಬೆರೆಸುತ್ತೇನೆ. ಅದನ್ನು ಇನ್ನೂ ಎರಡು ಹಂಗಾಮು ನೋಡಿದ ಮೇಲೆ ಹೇಳುತ್ತೇನೆ.

"ಮಣ್ಣಿನ ವರದಿಯಲ್ಲಿ ಕ್ಯಾಡ್ಮಿಯಂ ಮೊದಲಿನಷ್ಟೇ ಇದೆಯಲ್ಲ, ಏನು ತೆಗೆದೆ?" ಎಂದು ಕಾಕಾ ವರ್ಷವಿಡೀ ಕೇಳಿದರು. ಏನನ್ನೂ ತೆಗೆದಿಲ್ಲ. ಒಟ್ಟು ಪ್ರಮಾಣ ಕಡಿಮೆಯಾಗುವುದೇ ಇಲ್ಲ, ಬೇರಿಗೆ ಸಿಗುವ ಪಾಲು ಮಾತ್ರ ಕಡಿಮೆಯಾಗುತ್ತದೆ. ಡಿಟಿಪಿಎ ಎಂಬ ಮಣ್ಣಿನ ಪರೀಕ್ಷೆ ಆ ಪಾಲನ್ನು ತೋರಿಸುತ್ತದೆ, ಎಲೆ ಅದಕ್ಕಿಂತ ಚೆನ್ನಾಗಿ ತೋರಿಸುತ್ತದೆ. ಬೋರ್ ನೀರಿನಿಂದಲೇ ಇಳಿಯಿತು ಎನ್ನುವವರಿಗಾಗಿ ಒಂದು ಗುಂಟೆಯನ್ನು ಇದ್ದಿಲು, ಜಿಂಕ್ ಎರಡೂ ಇಲ್ಲದೆ ಬಿಟ್ಟಿದ್ದೆ. ಅಲ್ಲಿ 0.27 ಬಂತು. ಈ ಮುಂಜಾಗ್ರತೆಯ ಬಗ್ಗೆ ನನಗೆ ಹೆಮ್ಮೆಯಿದೆ.

ಸೂರ್ಯಕಾಂತಿಯಿಂದ ಲೋಹ ಎಳೆಸುವ ಪ್ರಯೋಗವನ್ನೂ ಮಾಡಿದೆ. ಎಳೆಯುತ್ತದೆ, ನಿಜ. ಆದರೆ ಲೆಕ್ಕ ಹಾಕಿದರೆ ಎಕರೆಗೆ ಒಂದು ಬೆಳೆಯಲ್ಲಿ ಇಪ್ಪತ್ತು ಗ್ರಾಂ ಬಂದರೆ ಹೆಚ್ಚು. ಮಣ್ಣಿನಲ್ಲಿರುವುದು ಕಿಲೋ ಲೆಕ್ಕದಲ್ಲಿ. ಕಿತ್ತ ದಂಟನ್ನು ದನಕ್ಕೆ ಹಾಕುವಂತಿಲ್ಲ, ಸುಡುವಂತಿಲ್ಲ. ಕೈಬಿಟ್ಟೆ.

ಯಾದಗಿರಿ ಕಡೆಯ ಗೆಳೆಯರಿಗೆ ಒಂದು ಮಾತು. ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲಿ ಕಂಡದ್ದು ನೀರಿನಲ್ಲಿನ ಆರ್ಸೆನಿಕ್, ಬೇರೆಯದೇ ವಿಷ. ಅದಕ್ಕೆ ಈ ಇದ್ದಿಲನ್ನು ನೆಚ್ಚಬೇಡಿ. ಆರ್ಸೆನಿಕ್ ಅನ್ನು ಹಿಡಿಯುವುದು ಕಬ್ಬಿಣದ ತುಕ್ಕು.

ಎರೆಹುಳುಗಳು ಮರಳಿ ಬಂದಿವೆ. ಒಂದು ಚದರಡಿಯಲ್ಲಿ ಎರಡೋ ಮೂರೋ ಇದ್ದವು, ಈಗ ಹನ್ನೊಂದು ಎಣಿಸಿದೆ. ನೀರು ಬಿಟ್ಟ ದಿನ ಬೆಳ್ಳಕ್ಕಿಗಳು ಸಾಲಾಗಿ ಇಳಿಯುತ್ತವೆ. ಎರೆಹುಳು ಮೈಯಲ್ಲಿ ಕ್ಯಾಡ್ಮಿಯಂ ಕೂಡಿಡುವ ಜೀವ. ಅದನ್ನು ತಿಂದ ಹಕ್ಕಿಯ ಮೂತ್ರಪಿಂಡಕ್ಕೆ ಅದು ಹೋಗಿ ಸೇರುತ್ತದೆ. ಮನೆಯ ಕೋಳಿಗಳನ್ನು ಆ ಮಡಿಗಳಿಗೆ ಬಿಡುವುದಿಲ್ಲ. ಬೆಳ್ಳಕ್ಕಿಗಳನ್ನು ತಡೆಯುವ ದಾರಿ ನನಗೆ ಇನ್ನೂ ತೋಚಿಲ್ಲ.

ಕಾಕಾ ಹೋದ ವಾರ ತಮ್ಮ ಹೊಲದಲ್ಲಿ ಗುಂಡಿ ತೋಡಿಸಿದ್ದಾರೆ. ನೀರಿನ ಡ್ರಮ್‌ಗಳನ್ನು ಮೊದಲೇ ತುಂಬಿಸಿ ಇಡಿ ಎಂದು ಹೇಳಿ ಬಂದಿದ್ದೇನೆ.